ಚಿತ್ರ ಬರೆಯಲು ಬಾರದವರ ಚರಿತ್ರೆ

ವಿಜ್ಞಾನ ಪದವಿಗೆ ಓದಿದವರಿಗೆಲ್ಲ ರೆಕಾರ್ಡ್ ಪುಸ್ತಕದ ನೆನಪು ಇದ್ದೇ ಇರುತ್ತದೆ. ಬಲಗಡೆ ಗೆರೆ ಹಾಕಿದ ಹಾಳೆ, ಎಡಗಡೆ ಗೆರೆಯಿಲ್ಲದ ಬಿಳಿಹಾಳೆ. ಬಲಗಡೆಯದನ್ನು ತುಂಬಿಸುವುದು ನನಗೆ ಕಷ್ಟವಾಗಿರಲಿಲ್ಲ. ಎಡಗಡೆಯದೇ ಕಂಟಕ. ಕಪ್ಪೆಯ ರಕ್ತನಾಳಗಳನ್ನು ಬರೆದರೆ ಬೇರುಬಿಟ್ಟ ಶುಂಠಿಯಂತೆ, ಜಿರಲೆಯ ಬಾಯಂಗಗಳನ್ನು ಬರೆದರೆ ಹಲ್ಲು ಮುರಿದ ಬಾಚಣಿಗೆಯಂತೆ ಕಾಣುತ್ತಿತ್ತು. ವಾರವಾರವೂ ಕೆಂಪು ಶಾಯಿಯಲ್ಲಿ ‘ಮತ್ತೆ ಬರೆಯಿರಿ’ ಎಂಬ ಷರಾ. ಒಂದು ದಿನ ಪ್ರಯೋಗಾಲಯದ ಅಟೆಂಡರು ನನ್ನ ಅವಸ್ಥೆ ನೋಡಲಾರದೆ, “ಕಿಟಕಿಗೆ ಗಾಜು ಯಾತಕ್ಕಮ್ಮಾ ಹಾಕಿರೋದು?” ಎಂದರು. ಪಠ್ಯಪುಸ್ತಕದ ಹಾಳೆಯನ್ನು ಬಿಸಿಲು ಬೀಳುವ ಗಾಜಿಗೆ ಒತ್ತಿ, ಅದರ ಮೇಲೆ ನನ್ನ ಬಿಳಿಹಾಳೆ ಇಟ್ಟು ತೋರಿಸಿದರು. ಕೆಳಗಿನ ಗೆರೆ ಮೇಲೆ ಮೂಡಿತು. ನಾನು ಪೆನ್ಸಿಲ್ ಓಡಿಸಿದೆ. ಆ ವಾರ ಕೆಂಪು ಶಾಯಿ ಬೀಳಲಿಲ್ಲ, ಸಹಿ ಬಿತ್ತು. ಆದರೆ ಏನನ್ನೋ ಕದ್ದಂತಹ ಅಳುಕು ಮಾತ್ರ ಬಹಳ ಕಾಲ ಉಳಿಯಿತು.

ಆ ಅಳುಕು ಸರಿಯಾದದ್ದೇ ಎಂಬ ಪ್ರಶ್ನೆ ಇತ್ತೀಚೆಗೆ ಮರಗೆಲಸದ ಹವ್ಯಾಸವನ್ನು ಕುರಿತ ಮಾತುಕತೆಯೊಂದನ್ನು ಸಿದ್ಧಪಡಿಸುವಾಗ ಮತ್ತೆ ಎದ್ದಿತು. ವಿಷಯ, ಸ್ಕ್ರೋಲ್ ಸಾ ಎಂಬ ಸಣ್ಣ ಗರಗಸ. ತೆಳುವಾದ ಹಲಗೆಯಲ್ಲಿ ಹೂವು, ಹಕ್ಕಿ, ಅಕ್ಷರ, ಮುಖ ಹೀಗೆ ಬೇಕಾದ ಆಕಾರವನ್ನು ಕೊರೆಯುವ ಯಂತ್ರವಿದು. ಗರಗಸ ಹಿಡಿಯಲು ಬಹಳ ಮಂದಿ ಕಲಿಯುತ್ತಾರೆ. ಆದರೆ ‘ನನಗೆ ಚಿತ್ರ ಬರುವುದಿಲ್ಲವಲ್ಲ, ನಕ್ಷೆ ಎಲ್ಲಿಂದ ತರಲಿ?’ ಎಂದು ನಿಂತುಬಿಡುತ್ತಾರೆ. ಶಾಲೆಯಲ್ಲಿ ಒಮ್ಮೆ ‘ನಿನಗೆ ಡ್ರಾಯಿಂಗ್ ಬರುವುದಿಲ್ಲ’ ಎನ್ನಿಸಿಕೊಂಡ ಮಗು ಮುಂದೆ ಕೈಕೆಲಸದ ಎಷ್ಟೋ ಬಾಗಿಲುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಚರಿತ್ರೆಯನ್ನು ಕೆದಕಿದರೆ ಬೇರೆಯೇ ಸಂಗತಿ ಕಾಣುತ್ತದೆ. ಜಗತ್ತಿನ ನಕ್ಷೆಗಳಲ್ಲಿ ಬಹುಪಾಲು, ಬರಿಗೈಯಲ್ಲಿ ಚಿತ್ರ ಬರೆದವರಿಂದ ಬಂದದ್ದಲ್ಲ. ಗೆರೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಲು ಉಪಾಯ ಹುಡುಕಿದವರಿಂದ ಬಂದದ್ದು.

ಬರೆಯುವ ಕೈ, ಕೊರೆಯುವ ಕೈ

ಮೊದಲು ಗರಗಸದ ವಿಚಾರ. ಸಾಮಾನ್ಯ ಗರಗಸದ ಅಲಗು ಅಗಲವಾಗಿರುವುದರಿಂದ ಅದು ನೇರವಾಗಿ ಮಾತ್ರ ಸಾಗುತ್ತದೆ. ಅಲಗು ದಾರದಷ್ಟು ಸಣ್ಣದಾದರೆ ಮರದೊಳಗೇ ತಿರುಗಿಕೊಳ್ಳಬಲ್ಲದು. ಅಷ್ಟು ಸಣ್ಣ ಅಲಗು ಬಾಗದಂತೆ ಬಿಗಿಹಿಡಿಯಲು ಬಿಲ್ಲಿನಾಕಾರದ ಚೌಕಟ್ಟು ಬೇಕು. ಹಲಗೆಯ ಒಳಭಾಗವನ್ನು ಕೊರೆಯಬೇಕಾದರೆ ಮೊದಲು ಚಿಕ್ಕ ತೂತು ಮಾಡಿ, ಅಲಗಿನ ಒಂದು ತುದಿ ಬಿಚ್ಚಿ ತೂತಿನಲ್ಲಿ ತೂರಿಸಿ, ಮತ್ತೆ ಬಿಗಿಯುತ್ತಾರೆ. ಕೈಯಲ್ಲಿ ಹಿಡಿಯುವ ಫ್ರೆಟ್ ಸಾ, ಕಾಲಿನಿಂದ ತುಳಿಯುವ ಯಂತ್ರ, ವಿದ್ಯುತ್ತಿನ ಸ್ಕ್ರೋಲ್ ಸಾ ಎಲ್ಲಕ್ಕೂ ತತ್ತ್ವ ಇದೊಂದೇ.

ಈ ಕೆಲಸವನ್ನು ನಾವು ದೂರ ಹೋಗಿ ನೋಡಬೇಕಾಗಿಲ್ಲ. ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸ ಹೆಸರುವಾಸಿಯಾದದ್ದು. ಭೌಗೋಳಿಕ ಗುರುತಿನ ಮಾನ್ಯತೆಯೂ ಅದಕ್ಕೆ ದೊರೆತಿದೆ. 1897ರಿಂದ 1912ರವರೆಗೆ ಕಟ್ಟಲಾದ ಮೈಸೂರು ಅರಮನೆಯ ಅಂಬಾವಿಲಾಸದಲ್ಲಿ ಬೀಟೆಯ ಬಾಗಿಲುಗಳ ಮೇಲೆ ದಂತದ ಚಿತ್ತಾರ ಕೂರಿಸಿರುವುದನ್ನು ಪ್ರವಾಸ ಹೋದವರು ಕಂಡಿರಬಹುದು. 1989ರಲ್ಲಿ ದಂತದ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸುವ ನಿರ್ಧಾರವಾಯಿತು. ನಮ್ಮ ದೇಶದ ಕಾನೂನೂ ಬಿಗಿಯಾಯಿತು. ಆಮೇಲೆ ದಂತದ ಜಾಗವನ್ನು ಬಣ್ಣಬಣ್ಣದ ಮರಗಳು ತುಂಬಿದವು. ಹಳದಿಗೆ ಹಲಸು, ಕಪ್ಪಿಗೆ ಬೀಟೆ, ಹೀಗೆ ಬಣ್ಣ ಹಚ್ಚದೆ ಮರದ ಸ್ವಂತ ಬಣ್ಣದಿಂದಲೇ ಆನೆ, ಮರ, ಗುಡಿಸಲು, ನದಿ ಮೂಡುತ್ತವೆ.

ಈ ಕೆಲಸ ನಡೆಯುವ ಕ್ರಮವನ್ನು ಗಮನಿಸಿ. ಒಬ್ಬರು ಚಿತ್ರ ಬರೆಯುತ್ತಾರೆ. ಅದನ್ನು ಪಾರದರ್ಶಕ ಕಾಗದದ ಮೇಲೆ ತೆಗೆದು, ತುಂಡುತುಂಡಾಗಿ ಕತ್ತರಿಸಿ, ಆಯಾ ಬಣ್ಣದ ಮರದ ತೆಳು ಹಲಗೆಗೆ ಅಂಟಿಸುತ್ತಾರೆ. ಇನ್ನೊಬ್ಬರು ಸಣ್ಣ ಗರಗಸದಿಂದ ಗೆರೆ ಹಿಡಿದು ಕೊರೆಯುತ್ತಾರೆ. ಕೊರೆದ ತುಂಡನ್ನು ಬೀಟೆ ಹಲಗೆಯ ಮೇಲಿಟ್ಟು ಸುತ್ತ ಗೀರಿ, ಅಷ್ಟು ಜಾಗವನ್ನು ಉಳಿಯಿಂದ ತೋಡಿ, ತುಂಡನ್ನು ಅದರಲ್ಲಿ ಕೂರಿಸುತ್ತಾರೆ. ಬರೆಯುವ ಕೈಯೂ ಕೊರೆಯುವ ಕೈಯೂ ಒಂದೇ ಆಗಬೇಕಿಲ್ಲ. ಕೊರೆಯುವವರನ್ನು ಕಡಿಮೆ ಕಲಾವಿದರೆಂದು ಅಲ್ಲಿ ಯಾರೂ ಎಣಿಸುವುದಿಲ್ಲ. ನಾವು ಶಾಲೆಗಳಲ್ಲಿ ಒಂದೆಂದು ತಿಳಿದಿರುವ ಕಲೆ ನಿಜವಾಗಿ ಎರಡು, ಮೂರು ಕಲೆಗಳ ಕೂಟ.

ಚುಕ್ಕಿಯ ಉಪಾಯ

ಹಾಗಾದರೆ ಬರೆಯುವವರು ಸಿಗದಿದ್ದರೆ? ಇದಕ್ಕೆ ಮನುಷ್ಯ ಕಂಡುಕೊಂಡ ಅತ್ಯಂತ ಹಳೆಯ ಉತ್ತರಗಳಲ್ಲೊಂದು ನಮ್ಮ ಮನೆಯಂಗಳದಲ್ಲೇ ಇದೆ. ರೆಕಾರ್ಡ್ ಪುಸ್ತಕದಲ್ಲಿ ಸೋತ ನಾನು ರಂಗೋಲಿಯಲ್ಲಿ ಸೋತವಳಲ್ಲ. 15 ಚುಕ್ಕಿಯಿಂದ 8ರವರೆಗೆ ಸಂದುಚುಕ್ಕಿ ಇಡು ಎಂದರೆ ಇಟ್ಟು, ಯಾವ ಚುಕ್ಕಿಯಿಂದ ಯಾವ ಚುಕ್ಕಿಗೆ ಎಳೆ ಹೋಗಬೇಕೆಂದು ಎಣಿಸಿಕೊಂಡು ಎಳೆದರೆ ಕಮಲವೋ ತೇರೋ ತಾನಾಗಿ ಕೂಡಿಬರುತ್ತಿತ್ತು. ಚಿತ್ರ ಬರೆಯುವ ಕೆಲಸವನ್ನು ಚುಕ್ಕಿಗಳು ಲೆಕ್ಕದ ಕೆಲಸವನ್ನಾಗಿ ಮಾಡಿಬಿಡುತ್ತವೆ. ‘ಇಲ್ಲಿಂದ ಅಲ್ಲಿಗೆ’ ಎಂಬುದಷ್ಟು ತಿಳಿದರೆ ಸಾಕು.

ಪ್ರಾಚೀನ ಈಜಿಪ್ಟಿನ ಚಿತ್ರಕಾರರು ಮಾಡಿದ್ದೂ ಇದನ್ನೇ. ಗೋಡೆಯ ಮೇಲೆ ಕೆಂಪು ಗೆರೆಗಳಿಂದ ಚೌಕುಳಿ ಹಾಕಿ, ನಿಂತ ಮನುಷ್ಯನ ಆಕೃತಿಯನ್ನು ಅಂಗಾಲಿನಿಂದ ಹಣೆಯ ಮೇಲಿನ ಕೂದಲಂಚಿನವರೆಗೆ 18 ಚೌಕಗಳಲ್ಲಿ ಅಳವಡಿಸುತ್ತಿದ್ದರು. ಕೆಲಸ ಅರ್ಧಕ್ಕೆ ನಿಂತ ಸಮಾಧಿಗಳ ಗೋಡೆಗಳಲ್ಲಿ ಈ ಕೆಂಪು ಗೆರೆಗಳು ಇಂದಿಗೂ ಕಾಣುತ್ತವೆ. ಸಣ್ಣ ಚಿತ್ರದ ಮೇಲೆ ಅರ್ಧ ಅಂಗುಲದ ಚೌಕ, ದೊಡ್ಡ ಹಾಳೆಯ ಮೇಲೆ ಎರಡು ಅಂಗುಲದ ಚೌಕ ಹಾಕಿ, ಪ್ರತಿ ಚೌಕದಲ್ಲಿ ಗೆರೆ ಎಲ್ಲಿ ಒಳಬಂದು ಎಲ್ಲಿ ಹೊರಹೋಗುತ್ತದೆಂದು ನೋಡಿ ಬರೆದರೆ ಚಿತ್ರ ನಾಲ್ಕು ಪಟ್ಟು ಉದ್ದಗಲವಾಗಿ ಬೆಳೆಯುತ್ತದೆ. ಭೂಪಟ ಬರೆಯಲು ಸಮಾಜ ಪಾಠದ ಮೇಷ್ಟರು ಹೇಳಿಕೊಡುವ ಉಪಾಯವೂ ಇದೇ.

ತೂತು ಮತ್ತು ಪುಡಿ

ಎರಡನೆಯ ಉಪಾಯ ತೂತಿನದು. ಚೀನಾದ ದುನ್‌ಹುವಾಂಗ್ ಗುಹೆಗಳಲ್ಲಿ ಸುಮಾರು ಸಾವಿರ ವರ್ಷ ಹಳೆಯ, ಬುದ್ಧನ ಆಕೃತಿಯ ಗೆರೆಗುಂಟ ಸೂಜಿಯಿಂದ ಚುಚ್ಚಿದ ಕಾಗದಗಳು ಸಿಕ್ಕಿವೆ. ಅಂತಹ ಕಾಗದವನ್ನು ಗೋಡೆಗೆ ಒತ್ತಿ ಹಿಡಿದು ಬಣ್ಣದ ಪುಡಿ ತಟ್ಟಿದರೆ ತೂತುಗಳ ಮೂಲಕ ಪುಡಿ ಇಳಿದು ಚುಕ್ಕಿಗಳ ಸಾಲು ಮೂಡುತ್ತದೆ. ಚುಕ್ಕಿ ಸೇರಿಸಿದರೆ ಬುದ್ಧ. ಒಂದೇ ಕಾಗದದಿಂದ ಗುಹೆಯ ಗೋಡೆ, ಛಾವಣಿ ತುಂಬ ನೂರಾರು ಬುದ್ಧರನ್ನು ಬರೆಯಬಹುದು. ಇಟಲಿಯ ಹೆಸರಾಂತ ಭಿತ್ತಿಚಿತ್ರಕಾರರೂ ಇದೇ ದಾರಿ ಹಿಡಿದವರು. ರಫಾಯೆಲ್ ‘ಅಥೆನ್ಸಿನ ಶಾಲೆ’ ಎಂಬ ಭಿತ್ತಿಚಿತ್ರಕ್ಕಾಗಿ ತಯಾರಿಸಿದ ಬೃಹತ್ ನಕ್ಷೆ ಮಿಲಾನ್ ನಗರದಲ್ಲಿ ಈಗಲೂ ಇದೆ. ಅದರ ಗೆರೆಗಳ ಮೇಲೂ ಸೂಜಿಯ ತೂತುಗಳಿವೆ. ಚಿತ್ರ ಬರೆಯುವುದರಲ್ಲಿ ಅವನಿಗೆ ಸಮನಾದವರು ಕೆಲವರೇ. ಅಂಥವನಿಗೂ ಗೆರೆ ಸಾಗಿಸುವ ಉಪಕರಣ ಬೇಕಾಯಿತು, ಅದಕ್ಕೆ ಅವನು ನಾಚಲಿಲ್ಲ.

ಇದನ್ನು ಕಣ್ಣಾರೆ ನೋಡಬೇಕೆಂದರೆ ರವಿಕೆಗೆ ಕಸೂತಿ ಹಾಕುವ ಅಂಗಡಿಗೆ ಹೋಗಿ. ಸೂಜಿ ಚುಚ್ಚಿದ ಟ್ರೇಸಿಂಗ್ ಹಾಳೆಯನ್ನು ಬಟ್ಟೆಯ ಮೇಲೆ ಹರಡಿ, ಸೀಮೆಎಣ್ಣೆಯಲ್ಲಿ ಕಲಸಿದ ಪುಡಿಯನ್ನು ಅರಿವೆಯಿಂದ ಒರೆಸುತ್ತಾರೆ. ಹಾಳೆ ಎತ್ತಿದರೆ ಬಳ್ಳಿ, ಮಾವಿನಕಾಯಿ, ನವಿಲು ಬಟ್ಟೆಯ ಮೇಲಿರುತ್ತವೆ. ಸೀಮೆಎಣ್ಣೆ ಆರಿಹೋಗುತ್ತದೆ, ಚುಕ್ಕಿ ಉಳಿಯುತ್ತದೆ. ಸಾವಿರ ವರ್ಷದ ತಂತ್ರ ನಮ್ಮ ಬೀದಿಯ ತಿರುವಿನಲ್ಲೇ ಇದೆ.

ನಕ್ಷೆಯನ್ನೇ ಕೊರೆದವನು

ಮೂರನೆಯದು, ನಕ್ಷೆಯನ್ನು ಸಾಗಿಸುವ ಗೋಜಿಗೇ ಹೋಗದೆ ಮರಕ್ಕೇ ಅಂಟಿಸಿಬಿಡುವುದು. ಇದರಿಂದ ಹೆಸರಾದವನು ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ. ಭೂಪಟಗಳ ಅಚ್ಚು ಕೆತ್ತುವುದು ಅವನ ಕಸುಬು. 1760ರ ದಶಕದಲ್ಲಿ ಅವನು ಅಚ್ಚಾದ ಭೂಪಟವನ್ನು ತೆಳುವಾದ ಮಹೋಗನಿ ಹಲಗೆಗೆ ಅಂಟಿಸಿ, ದೇಶಗಳ ಗಡಿಗುಂಟ ಸಣ್ಣ ಗರಗಸದಿಂದ ಕೊರೆದು, ಮಕ್ಕಳು ಜೋಡಿಸಿ ಭೂಗೋಳ ಕಲಿಯಲೆಂದು ಮಾರಿದ. ನಾವು ಜಿಗ್‌ಸಾ ಪಜಲ್ ಎಂದು ಕರೆಯುವ ಆಟಿಕೆಯ ಆರಂಭ ಇದು. ಆ ಹೆಸರು ಬಂದದ್ದು ಮಾತ್ರ ಬಹಳ ತಡವಾಗಿ. ಅವನ ಕಾಲದಲ್ಲಿ ಇದು ಕೇವಲ ‘ತುಂಡರಿಸಿದ ಭೂಪಟ’.

ಇಲ್ಲಿ ಗರಗಸಕ್ಕೆ ದಾರಿ ತೋರಿಸಿದ ಗೆರೆ ಯಾವ ಚಿತ್ರಕಾರನದೂ ಅಲ್ಲ. ನದಿ, ಬೆಟ್ಟ, ಯುದ್ಧ, ಒಪ್ಪಂದಗಳು ಎಳೆದ ಗೆರೆ ಅದು. ‘ಈ ಗೆರೆಯಲ್ಲಿ ಕೊರೆದರೆ ಚೆನ್ನ’ ಎಂದು ಆರಿಸಿದ್ದೇ ಸ್ಪಿಲ್ಸ್‌ಬರಿಯ ವಿನ್ಯಾಸ. ನಮ್ಮ ರಾಜ್ಯದ ಭೂಪಟವನ್ನು ಜಿಲ್ಲೆಗಳ ಗಡಿಗುಂಟ ಹೀಗೆ ಕೊರೆಯಲು ಯಾರಿಗಾದರೂ ಇಂದೇ ಸಾಧ್ಯ. ಬೇಕಾದದ್ದು ಅಚ್ಚಾದ ಒಂದು ಭೂಪಟ ಮತ್ತು ಒಂದಿಷ್ಟು ಮೈದಾ ಅಂಟು.

ಅದಕ್ಕೂ ಮುಂಚೆ ಫ್ರಾನ್ಸಿನಲ್ಲಿ ಹದಿನಾಲ್ಕನೆಯ ಲೂಯಿ ದೊರೆಯ ಬಳಿಯಿದ್ದ ಆಂದ್ರೆ ಶಾರ್ಲ್ ಬೂಲ್ (1642-1732) ಇನ್ನೊಂದು ಜಾಣ್ಮೆ ಮೆರೆದಿದ್ದ. ಹಿತ್ತಾಳೆಯ ಹಾಳೆಯನ್ನೂ ಆಮೆಚಿಪ್ಪಿನ ಹಾಳೆಯನ್ನೂ ಒಂದರ ಮೇಲೊಂದಿಟ್ಟು ಒಟ್ಟಿಗೆ ಕೊರೆಯುವುದು. ಒಂದರಲ್ಲಿ ಬಿದ್ದ ತುಂಡು ಇನ್ನೊಂದರ ಕಿಂಡಿಗೆ ಕೂದಲೆಳೆಯಷ್ಟೂ ಸಂದಿಲ್ಲದಂತೆ ಕೂರುತ್ತದೆ. ಒಂದು ನಕ್ಷೆಯಿಂದ ಎರಡು ಅಲಂಕಾರ. ಒಂದರಲ್ಲಿ ಹಿತ್ತಾಳೆಯ ಬಳ್ಳಿ, ಇನ್ನೊಂದರಲ್ಲಿ ಅದೇ ಬಳ್ಳಿ ಆಮೆಚಿಪ್ಪಿನದು. ಎರಡನೆಯದಕ್ಕೆ ನಕ್ಷೆ ಬರೆದವರು ಯಾರು? ಗರಗಸವೇ.

ನಾಲ್ಕು ಕಡ್ಡಿಗಳ ಜ್ಯಾಮಿತಿ

ಇನ್ನು ವಿಜ್ಞಾನಿಗಳ ಸರದಿ. ಜರ್ಮನಿಯ ಕ್ರಿಸ್ಟೋಫ್ ಷೈನರ್ ಎಂಬ ಪಾದ್ರಿ ಸೂರ್ಯನ ಕಲೆಗಳ ವಿಷಯದಲ್ಲಿ ಗೆಲಿಲಿಯೋನೊಂದಿಗೆ ವಾದಕ್ಕಿಳಿದವನು. ಅವನು ತರುಣ ಅಧ್ಯಾಪಕನಾಗಿದ್ದಾಗ, ಯಾವ ಚಿತ್ರವನ್ನಾದರೂ ತಪ್ಪಿಲ್ಲದೆ ನಕಲು ಮಾಡುವ ಉಪಕರಣ ತನ್ನಲ್ಲಿದೆಯೆಂದು ಹೆಮ್ಮೆಪಟ್ಟ ಚಿತ್ರಕಾರನೊಬ್ಬ, ಅದರ ಗುಟ್ಟನ್ನು ಮಾತ್ರ ಬಿಟ್ಟುಕೊಡಲಿಲ್ಲವಂತೆ. ಷೈನರ್ ತಾನೇ ಯೋಚಿಸಿ 1603ರ ಸುಮಾರಿಗೆ ಪ್ಯಾಂಟೋಗ್ರಾಫ್ ತಯಾರಿಸಿದ. 1631ರಲ್ಲಿ ರೋಮಿನಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಪ್ರಕಟಿಸಿದ. ಚಿತ್ರಕಾರ ಮುಚ್ಚಿಟ್ಟದ್ದನ್ನು ಗಣಿತಜ್ಞ ಎಲ್ಲರ ಮುಂದಿಟ್ಟ.

ಪ್ಯಾಂಟೋಗ್ರಾಫ್ ಎಂದರೆ ಸಮಾಂತರ ಚತುರ್ಭುಜವಾಗುವಂತೆ ಕೀಲು ಹಾಕಿದ ನಾಲ್ಕು ಕಡ್ಡಿಗಳು. ಒಂದು ತುದಿಯನ್ನು ಮೇಜಿಗೆ ಬಿಗಿಯುತ್ತಾರೆ. ಮಧ್ಯದ ಮೊಳೆಯನ್ನು ಮೂಲಚಿತ್ರದ ಗೆರೆಯ ಮೇಲೆ ಓಡಿಸಿದರೆ ಇನ್ನೊಂದು ತುದಿಯ ಪೆನ್ಸಿಲ್ ಅದೇ ಚಿತ್ರವನ್ನು ದೊಡ್ಡದಾಗಿ ಬರೆಯುತ್ತದೆ. ಸ್ಥಿರ ಬಿಂದು, ಮೊಳೆ, ಪೆನ್ಸಿಲ್ ಈ ಮೂರೂ ಸದಾ ಒಂದೇ ಸರಳರೇಖೆಯಲ್ಲಿರುತ್ತವೆ. ಅವುಗಳ ದೂರದ ಅನುಪಾತ ಎಂದೂ ಬದಲಾಗುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಓದುವ ಸಮರೂಪ ತ್ರಿಭುಜಗಳ ಪ್ರಮೇಯವೇ ಕಡ್ಡಿಗಳ ರೂಪದಲ್ಲಿ ಮೇಜಿನ ಮೇಲೆ ಕುಳಿತಿದೆ ಎನ್ನಬಹುದು.

ಬರೆಯಲಾಗದವನ ಹಟ

ನೆರಳೂ ಒಂದು ಉಪಕರಣ. ದೀಪದ ಮುಂದೆ ಕುಳಿತವರ ಮುಖದ ನೆರಳನ್ನು ಕಾಗದದ ಮೇಲೆ ಹಿಡಿದು ಕತ್ತರಿಸುವ ಚಿತ್ರಗಳು ಹದಿನೆಂಟನೆಯ ಶತಮಾನದ ಯೂರೋಪಿನಲ್ಲಿ ಮನೆಮಾತಾಗಿದ್ದವು. 1759ರಲ್ಲಿ ಫ್ರಾನ್ಸಿನ ಹಣಕಾಸು ಮಂತ್ರಿಯಾಗಿದ್ದ ಎತಿಯೆನ್ ದ ಸಿಲುವೆಟ್‌ನ ಹೆಸರೇ ಇಂಥ ಚಿತ್ರಗಳಿಗೆ ಅಂಟಿಕೊಂಡಿತು. ಬಣ್ಣದಲ್ಲಿ ಬರೆಸಿದ ಭಾವಚಿತ್ರ ಸಿರಿವಂತರಿಗೆ, ನೆರಳಿನದು ಎಲ್ಲರಿಗೂ.

1806ರಲ್ಲಿ ಇಂಗ್ಲೆಂಡಿನ ರಸಾಯನ ವಿಜ್ಞಾನಿ ವಿಲಿಯಂ ಹೈಡ್ ವೊಲಾಸ್ಟನ್ ‘ಕ್ಯಾಮೆರಾ ಲ್ಯೂಸಿಡಾ’ ಎಂಬ ಸಾಧನಕ್ಕೆ ಪೇಟೆಂಟ್ ಪಡೆದ. ಪಲಾಡಿಯಂ ಮತ್ತು ರೋಡಿಯಂ ಲೋಹಗಳನ್ನು ಕಂಡುಹಿಡಿದವನೂ ಇವನೇ. ಈ ಸಾಧನ ಕೋಲಿನ ತುದಿಗೆ ಸಿಕ್ಕಿಸಿದ ಒಂದು ಸಣ್ಣ ಪಟ್ಟಕವಷ್ಟೆ. ಅದರ ಅಂಚಿನಲ್ಲಿ ಕಣ್ಣಿಟ್ಟು ನೋಡಿದರೆ ಎದುರಿನ ದೃಶ್ಯ ಕೆಳಗಿನ ಕಾಗದದ ಮೇಲೆ ಬಿದ್ದಂತೆ ಕಾಣುತ್ತದೆ. ಕಂಡ ಗೆರೆಯ ಮೇಲೆ ಪೆನ್ಸಿಲ್ ಓಡಿಸಿದರಾಯಿತು.

ಓಡಿಸಿದರಾಯಿತು ಎಂದು ಹೇಳುವುದು ಸುಲಭ. 1833ರ ಅಕ್ಟೋಬರಿನಲ್ಲಿ ಪತ್ನಿಯೊಂದಿಗೆ ಇಟಲಿಯ ಕೊಮೊ ಸರೋವರದ ದಂಡೆಗೆ ಹೋಗಿದ್ದ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಈ ಸಾಧನವಿಟ್ಟುಕೊಂಡು ದೃಶ್ಯ ಬರೆಯಲು ಕುಳಿತ. ಗಣಿತದಲ್ಲಿ ಪ್ರವೀಣ, ಚಿತ್ರದಲ್ಲಿ ಅಲ್ಲ. ಪಟ್ಟಕದಿಂದ ಕಣ್ಣು ತೆಗೆದು ನೋಡಿದರೆ ಕಾಗದದ ಮೇಲೆ ಸರೋವರವೂ ಇಲ್ಲ, ಬೆಟ್ಟವೂ ಇಲ್ಲ, ಬರಿಯ ಗೀಚು. ಬೇರೆಯವರಾಗಿದ್ದರೆ ಪೆನ್ಸಿಲ್ ಬಿಸಾಡುತ್ತಿದ್ದರು. ಟಾಲ್ಬಟ್ ಬೇರೆ ಪ್ರಶ್ನೆ ಕೇಳಿಕೊಂಡ: ಬೆಳಕು ತಂದುಕೊಡುವ ಈ ಬಿಂಬ ತನ್ನನ್ನು ತಾನೇ ಕಾಗದದ ಮೇಲೆ ಬರೆದುಕೊಳ್ಳುವಂತೆ ಮಾಡಲಾದೀತೇ? ಊರಿಗೆ ಮರಳಿದ ಮೇಲೆ, ಬೆಳ್ಳಿಯ ಲವಣ ಹಚ್ಚಿದ ಕಾಗದದ ಮೇಲೆ ಎಲೆಗಳನ್ನೂ ಲೇಸಿನ ತುಂಡುಗಳನ್ನೂ ಇಟ್ಟು ಬಿಸಿಲಿಗೆ ಹಿಡಿದ. ಬೆಳಕು ಬಿದ್ದಲ್ಲಿ ಕಪ್ಪಾಯಿತು, ಎಲೆಯ ಆಕಾರ ಬಿಳಿಯಾಗಿ ಉಳಿಯಿತು. 1839ರ ಜನವರಿಯಲ್ಲಿ ಅವನು ತನ್ನ ವಿಧಾನವನ್ನು ಲೋಕದ ಮುಂದಿಟ್ಟ. ಫ್ರಾನ್ಸಿನ ದಾಗೆರ್ ಬೇರೆ ದಾರಿಯಿಂದ ಅದೇ ಹೊತ್ತಿಗೆ ಅಲ್ಲಿಗೆ ತಲುಪಿದ್ದ. ಛಾಯಾಚಿತ್ರ ಹುಟ್ಟಿತು.

1842ರಲ್ಲಿ ಟಾಲ್ಬಟ್‌ನ ಗೆಳೆಯ ಜಾನ್ ಹರ್ಷೆಲ್ ಕಬ್ಬಿಣದ ಲವಣಗಳಿಂದ ನೀಲಿ ಅಚ್ಚು ತೆಗೆಯುವ ವಿಧಾನ ಕಂಡುಹಿಡಿದ. ಮರುವರ್ಷವೇ ಅನ್ನಾ ಅಟ್ಕಿನ್ಸ್ ಎಂಬ ಮಹಿಳೆ ಸಮುದ್ರ ಪಾಚಿಗಳನ್ನು ಆ ಕಾಗದದ ಮೇಲಿಟ್ಟು ಬಿಸಿಲಿನಿಂದಲೇ ಚಿತ್ರ ತೆಗೆದು ಪುಸ್ತಕ ಹೊರತರಲಾರಂಭಿಸಿದರು. ಮುಂದೆ ಎಂಜಿನಿಯರುಗಳು ಕಟ್ಟಡದ ನಕ್ಷೆಗಳ ಪ್ರತಿ ತೆಗೆದದ್ದೂ ಇದೇ ನೀಲಿ ಕಾಗದದಲ್ಲಿ. ನಾವು ಯಾವುದೇ ಯೋಜನೆಗೆ ‘ನೀಲನಕ್ಷೆ’ ಎನ್ನುವಾಗ ನಮಗರಿವಿಲ್ಲದೆ ಹರ್ಷೆಲ್‌ನನ್ನು ನೆನೆಯುತ್ತಿರುತ್ತೇವೆ.

ಅಂಚೆಯಲ್ಲಿ ಬಂದ ನಕ್ಷೆ

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಗರಗಸ ಕಾರ್ಖಾನೆಯಿಂದ ಮನೆಗೆ ಬಂತು. ಹೊಲಿಗೆ ಯಂತ್ರದಂತೆ ಕಾಲಿನಿಂದ ತುಳಿಯುವ ಸ್ಕ್ರೋಲ್ ಸಾಗಳು 1870-80ರ ದಶಕಗಳಲ್ಲಿ ಅಮೆರಿಕದಲ್ಲಿ ಧಾರಾಳವಾಗಿ ಮಾರಾಟವಾದವು. ಯಂತ್ರ ಕೊಂಡವರಿಗೆ ನಕ್ಷೆ ಬೇಡವೇ? ಅಚ್ಚಾದ ನಕ್ಷೆಗಳೂ ಮಾರಾಟಕ್ಕೆ ಬಂದವು. ಇಂಗ್ಲೆಂಡಿನಲ್ಲಿ 1895ರಲ್ಲಿ ಆರಂಭವಾದ ‘ಹಾಬೀಸ್’ ವಾರಪತ್ರಿಕೆಯ ಜೊತೆ ಫ್ರೆಟ್‌ವರ್ಕ್ ನಕ್ಷೆಯ ಹಾಳೆ ಉಚಿತವಾಗಿ ಬರುತ್ತಿತ್ತು. ಚಿತ್ರ ಬಾರದ ಗುಮಾಸ್ತ, ಶಾಲಾಬಾಲಕ ಎಲ್ಲರೂ ಸಂಜೆ ಹೊತ್ತು ಗಡಿಯಾರದ ಗೂಡು, ಫೋಟೋ ಚೌಕಟ್ಟುಗಳನ್ನು ಕೊರೆದರು. ಅದೇ ಕಾಲದ ಮರದ ಜಾಲರಿ ಕೆಲಸ ಬೆಂಗಳೂರಿನ ದಂಡುಪ್ರದೇಶದ ಹಳೆಯ ಬಂಗಲೆಗಳಲ್ಲೂ ಕಾಣಿಸಿಕೊಂಡಿತು. ಕಿಟಕಿಯ ಮೇಲಿನ ‘ಮಂಕಿ ಟಾಪ್’ಗಳು, ಸೂರಿನಂಚಿನ ಕೊರೆದ ಮರದ ಪಟ್ಟಿಗಳು ಅಳಿದುಳಿದ ಕೆಲವು ಮನೆಗಳಲ್ಲಿ ಈಗಲೂ ಇವೆ.

ಅಚ್ಚಾದ ನಕ್ಷೆಯಿಂದ ಲಕ್ಷಾಂತರ ಕೈಗಳಿಗೆ ಕೆಲಸ ಸಿಕ್ಕಿತು. ಆದರೆ ಎಲ್ಲರ ಗೋಡೆಯ ಮೇಲೂ ಒಂದೇ ಗಡಿಯಾರದ ಗೂಡು! ಗೆರೆ ತರುವ ಕಷ್ಟ ತಪ್ಪಿದಾಗ ಗೆರೆ ಆರಿಸುವ ಅಭ್ಯಾಸವೂ ತಪ್ಪಿಹೋಯಿತು.

ಅದನ್ನು ಮರಳಿ ಕೊಡಬಲ್ಲ ಯಂತ್ರವೊಂದು ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ನ್ಯೂಯಾರ್ಕಿನ ಪೇಟೆಂಟ್ ವಿಭಾಗವೊಂದರಲ್ಲಿ ಕೆಲಸಕ್ಕಿದ್ದ ಚೆಸ್ಟರ್ ಕಾರ್ಲ್‌ಸನ್‌ನಿಗೆ ದಾಖಲೆ, ರೇಖಾಚಿತ್ರಗಳ ಪ್ರತಿ ಮಾಡುವ ಕಷ್ಟ ಚೆನ್ನಾಗಿ ಗೊತ್ತಿತ್ತು. 1938ರ ಅಕ್ಟೋಬರ್ 22ರಂದು ಆತ ಗಂಧಕ ಹಚ್ಚಿದ ಸತುವಿನ ತಗಡಿಗೆ ವಿದ್ಯುದಾವೇಶ ಕೊಟ್ಟು, ಗಾಜಿನ ಮೇಲೆ ಬರೆದಿದ್ದ ದಿನಾಂಕವನ್ನೂ ಊರಿನ ಹೆಸರನ್ನೂ ಬೆಳಕಿನಿಂದ ಅದರ ಮೇಲೆ ಬೀಳಿಸಿ, ಪುಡಿ ಉದುರಿಸಿದ. ಆವೇಶ ಉಳಿದಲ್ಲಿ ಪುಡಿ ಅಂಟಿಕೊಂಡು ಅಕ್ಷರ ಮೂಡಿತು. ದುನ್‌ಹುವಾಂಗ್‌ನ ಪುಡಿಯೇ ಮತ್ತೆ ಬಂದಂತಾಯಿತು, ಸೂಜಿಯ ತೂತಿನ ಜಾಗದಲ್ಲಿ ಈಗ ಸ್ಥಿರವಿದ್ಯುತ್ತು. 1959ರಲ್ಲಿ ಕಚೇರಿಗಳಿಗೆ ಹೊಂದುವ ಜೆರಾಕ್ಸ್ ಯಂತ್ರ ಹೊರಬಂತು. ಬೀದಿಬೀದಿಯ ಜೆರಾಕ್ಸ್ ಅಂಗಡಿ ಇಂದು ಷೈನರನ ಪ್ಯಾಂಟೋಗ್ರಾಫಿನ ಕೆಲಸವನ್ನು ಕೆಲವೇ ರೂಪಾಯಿಗೆ ಮಾಡಿಕೊಡುತ್ತದೆ.

ಹೊಟ್ಟೆ ಬಿದ್ದುಹೋದ ಅಕ್ಷರ

ಹಾಗಾದರೆ ಎಲ್ಲವನ್ನೂ ಉಪಕರಣವೇ ಮಾಡುತ್ತದೆಯೇ? ಇಲ್ಲ. ಇದನ್ನು ನನಗೆ ಕಲಿಸಿದವರು ನಮ್ಮ ಸ್ಟುಡಿಯೋದ ಬಡಗಿ. ವಿದ್ಯಾರ್ಥಿಗಳ ಕಾರ್ಯಕ್ರಮವೊಂದಕ್ಕೆ ಪ್ಲೈವುಡ್ಡಿನಲ್ಲಿ ‘ಪಾಠ’ ಎಂಬ ಪದ ಕೊರೆದು ಹಿಂದಿನಿಂದ ದೀಪ ಹಾಕಬೇಕೆಂದು ನನ್ನ ಆಸೆ. ಕಂಪ್ಯೂಟರಿನಲ್ಲಿ ಅಕ್ಷರ ಮೂಡಿಸಿ, ದೊಡ್ಡದಾಗಿ ಮುದ್ರಿಸಿ ಕೊಟ್ಟೆ. ಅವರು ಹಾಳೆ ನೋಡಿ, “ಮೇಡಂ, ಪಾ ಏನೋ ಆಗುತ್ತೆ. ಈ ಠ ಕೊರೆದರೆ ಅದರ ಹೊಟ್ಟೆ ಬಿದ್ದುಹೋಗುತ್ತಲ್ಲಾ?” ಎಂದರು. ನೋಡಿದರೆ ನಿಜ. ಠ ಅಕ್ಷರ ಒಂದು ಪೂರ್ತಿ ವೃತ್ತ, ನಡುವೆ ಒಂದು ಚುಕ್ಕಿ. ವೃತ್ತದ ಗೆರೆಯನ್ನು ಕೊರೆದು ತೆಗೆದರೆ ಒಳಗಿನ ಬಿಲ್ಲೆ ಯಾವುದಕ್ಕೂ ಅಂಟಿಕೊಂಡಿರುವುದಿಲ್ಲ, ಚುಕ್ಕಿಸಮೇತ ನೆಲಕ್ಕೆ ಬೀಳುತ್ತದೆ. ಉಳಿಯುವುದು ಒಂದು ದುಂಡನೆಯ ತೂತು. ಕಂಪ್ಯೂಟರು ಅಕ್ಷರ ಬರೆದುಕೊಟ್ಟಿತ್ತು, ಮರದ ವಿಚಾರ ಅದಕ್ಕೆ ತಿಳಿದಿರಲಿಲ್ಲ. ಕೊನೆಗೆ ವೃತ್ತದ ಗೆರೆಯಲ್ಲಿ ಮೇಲೊಂದು ಕೆಳಗೊಂದು ಕಡೆ ಕೊರೆಯದೆ ಬಿಟ್ಟೆವು. ಆ ಎರಡು ಸಣ್ಣ ಸೇತುವೆಗಳು ಬಿಲ್ಲೆಯನ್ನು ಹಿಡಿದು ನಿಂತವು.

ಸ್ಕ್ರೋಲ್ ಸಾ ನಕ್ಷೆಯ ವ್ಯಾಕರಣವೆಲ್ಲ ಇಷ್ಟರಲ್ಲೇ ಇದೆ. ಕೊರೆದು ತೆಗೆಯುವ ಜಾಗಕ್ಕೆ ಕಪ್ಪು, ಉಳಿಯುವ ಮರಕ್ಕೆ ಬಿಳುಪು ಎಂದುಕೊಳ್ಳಿ. ಹಲಗೆಯ ಅಂಚಿನಲ್ಲಿ ಒಂದು ಇರುವೆಯನ್ನು ಬಿಟ್ಟಿದ್ದೀರಿ ಎಂದು ಊಹಿಸಿ. ಕಪ್ಪನ್ನು ದಾಟದೆ ಅದು ಪ್ರತಿಯೊಂದು ಬಿಳಿ ಜಾಗಕ್ಕೂ ನಡೆದುಹೋಗಬಲ್ಲುದೇ? ಹೋಗಲಾರದ ಬಿಳಿಯೆಲ್ಲ ಬಿದ್ದುಹೋಗುವ ತುಂಡು. ಅಲ್ಲಿಗೊಂದು ಸೇತುವೆ ಬೇಕು. ಸೇತುವೆ ಪ್ಲೈವುಡ್ಡಿನ ದಪ್ಪಕ್ಕಿಂತ ಕಿರಿದಾಗದಿದ್ದರೆ ಒಳ್ಳೆಯದು.

ಈಗ ನೀವೇ ಮಾಡಿ ನೋಡಿ. ಹಬ್ಬದ ತೋರಣಕ್ಕೆ ಬಣ್ಣದ ಕಾಗದ ಮಡಚಿ ಕತ್ತರಿಸುವಂತೆ ಒಂದು ಹಾಳೆಯನ್ನು ಎರಡು ಮೂರು ಬಾರಿ ಮಡಚಿ ಅಂಚುಗಳಲ್ಲಿ ಕತ್ತರಿಯಾಡಿಸಿ, ಬಿಡಿಸಿ. ಹಾಳೆ ಒಂದೇ ತುಂಡಾಗಿ ಉಳಿದಿದ್ದರೆ ಇರುವೆಯ ಪರೀಕ್ಷೆಯಲ್ಲಿ ಅದು ಆಗಲೇ ಪಾಸು. ಎರಡನೆಯದಾಗಿ, ಟಾಲ್ಬಟ್‌ನಂತೆ ಒಂದು ಹಲಸಿನ ಎಲೆಯನ್ನೋ ಪಪಾಯಿ ಎಲೆಯನ್ನೋ ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆಯಿರಿ. ಅದನ್ನು ಚಿಕ್ಕದು ದೊಡ್ಡದು ಮಾಡಿ ನಾಲ್ಕಾರು ಪ್ರತಿ ತೆಗೆಸಿ, ಕತ್ತರಿಸಿ, ಒಂದಕ್ಕೊಂದು ತಾಗುವಂತೆ ಜೋಡಿಸಿದರೆ ಬಾಗಿಲಿನ ನಾಮಫಲಕಕ್ಕೆ ಅಂಚು ಸಿದ್ಧ. ಮೂರನೆಯದಾಗಿ, ಮನೆಯಲ್ಲಿನ ಅಜ್ಜಿಯದೋ ತಾತನದೋ ಫೋಟೋ ತೆಗೆದುಕೊಂಡು ಜೆರಾಕ್ಸ್ ಮಾಡಿಸಿ. ಆ ಪ್ರತಿಯ ಪ್ರತಿ, ಅದರ ಪ್ರತಿ ತೆಗೆಸುತ್ತಾ ಹೋದರೆ ನಡುವಿನ ಬೂದುಬಣ್ಣ ಬಹುಮಟ್ಟಿಗೆ ಕರಗಿ ಕಪ್ಪು ಬಿಳುಪು ಉಳಿಯುತ್ತದೆ. ಮೊಬೈಲಿನಲ್ಲೂ ಇದನ್ನು ಕ್ಷಣದಲ್ಲಿ ಮಾಡಬಹುದು. ಅನಂತರ ಆ ಹಾಳೆಯನ್ನು ಮುಂದಿಟ್ಟುಕೊಂಡು ಇರುವೆಯನ್ನು ಬಿಡಿ. ಹಲಗೆ ಕೊರೆಯುವ ಹೊತ್ತಿಗೆ ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ, ಜೊತೆಗೆ ಕೆಲಸ ಬಲ್ಲ ಹಿರಿಯರು ಇರಲಿ.

ಮೂರನೆಯ ಪ್ರಯೋಗದಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಯಾವ ಸುಕ್ಕು ಇರಬೇಕು, ಯಾವುದನ್ನು ಬಿಡಬಹುದು? ಕನ್ನಡಕದ ಕಡ್ಡಿಯೇ ಸೇತುವೆಯಾಗಬಹುದೇ? ಮೂಗುತಿಯ ಹೊಳಪನ್ನು ಉಳಿಸಿಕೊಳ್ಳುವುದು ಹೇಗೆ? ಇದನ್ನೆಲ್ಲ ಯೋಚಿಸುತ್ತ, ದಿನವೂ ಕಾಣುವ ಅಜ್ಜಿಯ ಮುಖವನ್ನು ನೀವು ಮೊದಲ ಬಾರಿಗೆ ಗಮನವಿಟ್ಟು ನೋಡಿರುತ್ತೀರಿ. ಗೆರೆ ತಂದುಕೊಟ್ಟದ್ದು ಯಂತ್ರ. ಯಾವ ಗೆರೆ ಉಳಿಯಬೇಕೆಂದು ತೀರ್ಮಾನಿಸಿದವರು ನೀವು. ವಿನ್ಯಾಸ ಎಂಬುದರ ಅರ್ಥ ಇದೇ. ಇನ್ನೊಬ್ಬರು ಬರೆದ ನಕ್ಷೆಯನ್ನು ಹಾಗೆಯೇ ಕೊರೆದರೆ, ನಕ್ಷೆ ಬರೆದವರ ಹೆಸರನ್ನು ಹೇಳುವುದು ಮರ್ಯಾದೆ. ಮಾರಾಟಕ್ಕೆ ಮಾಡುವುದಾದರೆ ಅವರ ಒಪ್ಪಿಗೆ ಕೇಳಬೇಕು. ನಕ್ಷೆಯನ್ನೇ ಜೀವನೋಪಾಯ ಮಾಡಿಕೊಂಡ ಕುಶಲಕರ್ಮಿಗಳು ನಮ್ಮ ನಡುವೆಯೇ ಇದ್ದಾರೆ.

ರೆಕಾರ್ಡ್ ಪುಸ್ತಕದ ಅಳುಕಿಗೆ ಈಗ ನನಗೆ ಉತ್ತರ ಸಿಕ್ಕಿದೆ. ಗಾಜಿನ ಮೇಲೆ ಹಾಳೆ ಇಟ್ಟದ್ದು ತಪ್ಪಾಗಿರಲಿಲ್ಲ. ರಫಾಯೆಲ್, ಷೈನರ್, ಟಾಲ್ಬಟ್ ಯಾರೂ ಅದಕ್ಕೆ ಬೈಯುತ್ತಿರಲಿಲ್ಲ. ತಪ್ಪಾದದ್ದು, ಕಪ್ಪೆಯ ಹೃದಯವನ್ನು ಒಮ್ಮೆಯೂ ಸರಿಯಾಗಿ ನೋಡದೆ ಎಲ್ಲ ಗೆರೆಗಳ ಮೇಲೂ ಪೆನ್ಸಿಲ್ ಓಡಿಸಿದ್ದು. ಆ ಹೃದಯಕ್ಕೆ ಎಷ್ಟು ಕೋಣೆಗಳೆಂದು ಮೌಖಿಕ ಪರೀಕ್ಷೆಯಲ್ಲಿ ಕೇಳಿದಾಗ ನಾನು ನಾಲ್ಕು ಎಂದಿದ್ದೆ. ನನ್ನ ರೆಕಾರ್ಡಿನಲ್ಲಿ, ನನ್ನದೇ ಕೈಯಿಂದ, ಮೂರು ಕೋಣೆಗಳು ಅಚ್ಚುಕಟ್ಟಾಗಿ ಮೂಡಿದ್ದವು.